ಜ್ವರ, ದದ್ದು, ಗಂಟಲು ನೋವು: ಸೋಂಕೋ, ನುಂಗಿದ ಮಾತ್ರೆಯೋ?

ಕಾಡುಮಲ್ಲಿಗೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನನ್ನ ತಮ್ಮನಿಗೆ ಫಿಟ್ಸ್ ಬಂದಿತ್ತು ಅಂತ ಕಾರ್ಬಮಜೆಪಿನ್ ಮಾತ್ರೆ ಶುರು ಮಾಡಿದ್ದರು. ಮಾತ್ರೆ ಚೆನ್ನಾಗಿಯೇ ಹಿಡಿಯಿತು, ಫಿಟ್ಸ್ ನಿಂತಿತು, ಮನೆಯವರೆಲ್ಲ ಉಸಿರು ಬಿಟ್ಟೆವು. ಸುಮಾರು ಮೂರು ವಾರ ಕಳೆದ ಮೇಲೆ ಜ್ವರ ಬಂತು. ವೈರಲ್ ಅಂದರು. ಗಂಟಲು ಕೆಂಪಗಿದೆ ಅಂತ ಆಂಟಿಬಯೋಟಿಕ್ ಬರೆದುಕೊಟ್ಟರು. ಜ್ವರ ಇಳಿಯಲಿಲ್ಲ, ಎದೆ ಬೆನ್ನಿನ ಮೇಲೆ ಕೆಂಪು ದದ್ದು ಎದ್ದಿತು, ಕುತ್ತಿಗೆಯ ಗಡ್ಡೆಗಳು ಕೈಗೆ ಸಿಗುವಷ್ಟು ಊದಿದವು. ಆಗ ದಡಾರ ಇರಬಹುದು ಅಂತ ಅಡ್ಮಿಟ್ ಮಾಡಿ ಬೇರೆ ಕೋಣೆಗೆ ಹಾಕಿದರು. ಆಮೇಲೆ ಲಿವರ್ ಟೆಸ್ಟ್ ಏರಿತು, ಕಾಮಾಲೆ ಇರಬೇಕು ಅಂದರು. ಆಂಟಿಬಯೋಟಿಕ್ ಬದಲಾಯಿತು, ಇನ್ನೊಂದು ಸೇರಿತು. ಈ ಅಷ್ಟೂ ಹೊತ್ತು ಫಿಟ್ಸ್ ಮಾತ್ರೆ ಮಾತ್ರ ಬೆಳಗ್ಗೆ ಸಂಜೆ ತಪ್ಪದೆ ನಡೆಯುತ್ತಿತ್ತು, ನರ್ಸ್ ಬಂದು ನುಂಗಿಸಿ ಹಾಳೆಯಲ್ಲಿ ಗುರುತು ಹಾಕಿಕೊಂಡು ಹೋಗುತ್ತಿದ್ದರು.

ಕೊನೆಗೆ ಒಬ್ಬರು ಚರ್ಮದ ಡಾಕ್ಟರು ಬಂದರು. ತಮ್ಮನ ಮುಖ ಎಷ್ಟು ಊದಿತ್ತು ಅಂದರೆ ಕನ್ನಡಕದ ಕಡ್ಡಿ ಕೆನ್ನೆಯೊಳಗೆ ಹೂತು ಗೆರೆ ಮೂಡಿತ್ತು, ಕಿವಿಯ ಹಾಲೆ ದಪ್ಪಗೆ ಗಟ್ಟಿಯಾಗಿತ್ತು. ಅವರು ಆ ಕಿವಿಯನ್ನು ಹಿಸುಕಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಕಳೆದ ಎರಡು ತಿಂಗಳಲ್ಲಿ ಹೊಸದಾಗಿ ಯಾವ ಮಾತ್ರೆ ಶುರುವಾಗಿದೆ?" ಆ ದಿನವೇ ಕಾರ್ಬಮಜೆಪಿನ್ ನಿಲ್ಲಿಸಿ ಬೇರೆ ಜಾತಿಯ ಮಾತ್ರೆ ಕೊಟ್ಟರು. ಕಾಯಿಲೆಯ ಹೆಸರು ಡ್ರೆಸ್ (DRESS) ಅಂತೆ, ಔಷಧಕ್ಕೆ ತಡವಾಗಿ ಬರುವ ಜೋರು ರಿಯಾಕ್ಷನ್. ಈಗ ತಮ್ಮ ಮನೆಯಲ್ಲಿದ್ದಾನೆ, ಸ್ಟೀರಾಯ್ಡ್ ನಡೆಯುತ್ತಿದೆ.

ನನ್ನ ಪ್ರಶ್ನೆ ಇಷ್ಟೇ. ಚೀಟಿಯಲ್ಲಿ ಆ ಮಾತ್ರೆಯ ಹೆಸರು ಮೊದಲ ದಿನದಿಂದ ಇತ್ತು. ಯಾರಿಗೂ ಯಾಕೆ ಹೊಳೆಯಲಿಲ್ಲ?

ಸುಮ್ನೆಒಬ್ಬ:

ತಮ್ಮ ಹುಷಾರಾಗಿದ್ದು ಕೇಳಿ ಖುಷಿ. ಆದರೆ ಒಂದು ಅನುಮಾನ. ಅಲರ್ಜಿ ಅಂದರೆ ನುಂಗಿದ ಕೂಡಲೇ ಬರಬೇಕಲ್ವಾ? ಮೂರು ವಾರ ಏನೂ ಆಗದೆ ಆಮೇಲೆ ಬಂತು ಅಂದರೆ ಅದು ಮಾತ್ರೆಯಿಂದಲೇ ಅಂತ ಹೇಗೆ ಹೇಳುತ್ತಾರೆ? ನಿಜವಾಗಿ ವೈರಸ್ಸೇ ಇದ್ದು ತಾನಾಗೇ ವಾಸಿಯಾಗಿರಬಹುದಲ್ಲ.

ರಾತ್ರಿಪಾಳಿ:

ಐಸಿಯು ಡಾಕ್ಟರ್ ನಾನು, ಅದಕ್ಕೇ ಈ ಹೆಸರು. ಸುಮ್ನೆಒಬ್ಬ ಅವರ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಗುರುತು ತಪ್ಪುವುದು ಬಹುಪಾಲು ಅಲ್ಲೇ.

ನುಂಗಿದ ಅರ್ಧ ಗಂಟೆಯಲ್ಲಿ ಮೈ ತುರಿಕೆ, ತುಟಿ ಊತ, ಉಸಿರು ಕಟ್ಟುವುದು, ಅದೊಂದು ಜಾತಿ. ಅದನ್ನು ಯಾರೂ ಸೋಂಕು ಅಂದುಕೊಳ್ಳುವುದಿಲ್ಲ. ಇಲ್ಲಿ ಆಗಿರುವುದು ಇನ್ನೊಂದು ಜಾತಿ. ನಮ್ಮ ರಕ್ತದಲ್ಲಿ ಟಿ ಕಣ ಅಂತ ಇವೆ, ವೈರಸ್ ಹೊಕ್ಕ ಜೀವಕೋಶವನ್ನು ಹುಡುಕಿ ಕೊಲ್ಲುವುದು ಅವುಗಳ ಕೆಲಸ. ಕೆಲವರಲ್ಲಿ ಔಷಧದ ಅಣು ನಮ್ಮದೇ ಜೀವಕೋಶದ ಮೇಲಿನ ಗುರುತಿಗೆ ಅಂಟಿಕೊಂಡು ಅದನ್ನು ಪರಕೀಯದ ಹಾಗೆ ಕಾಣಿಸುತ್ತದೆ. ಟಿ ಕಣಗಳು ವೈರಸ್ ಬಂದಾಗ ಏನು ಮಾಡುತ್ತವೋ ಅದನ್ನೇ ಮಾಡುತ್ತವೆ: ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ, ಜ್ವರ ತರುತ್ತವೆ, ಗಡ್ಡೆ ಊದಿಸುತ್ತವೆ, ಲಿವರ್, ಚರ್ಮ, ಕಿಡ್ನಿ ಹೊಡೆಯುತ್ತವೆ. ಹಾಗಾಗಿ ಇದು ವೈರಲ್ ಕಾಯಿಲೆಯ ಹಾಗೆ ಕಾಣುವುದರಲ್ಲಿ ಆಶ್ಚರ್ಯವೇ ಇಲ್ಲ. ದೇಹ ಮಾಡುತ್ತಿರುವುದು ಅದೇ ಕೆಲಸ, ಶತ್ರು ಮಾತ್ರ ಬೇರೆ. ಹೀಗೆ ತಯಾರಾಗಲು ಆ ಕಣಗಳಿಗೆ ದಿನಗಳು, ವಾರಗಳು ಬೇಕು.

ಡ್ರೆಸ್ ಸಾಮಾನ್ಯವಾಗಿ ಔಷಧ ಶುರುವಾದ 2ರಿಂದ 8 ವಾರಗಳ ನಡುವೆ ಬರುತ್ತದೆ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್, ಫಿನೊಬಾರ್ಬಿಟಾಲ್, ಲ್ಯಾಮೋಟ್ರಿಜಿನ್, ಯೂರಿಕ್ ಆಸಿಡ್‌ಗೆ ಕೊಡುವ ಅಲೊಪ್ಯೂರಿನಾಲ್, ಕುಷ್ಠಕ್ಕೆ ಕೊಡುವ ಡ್ಯಾಪ್ಸೋನ್, ಕೀಲುವಾತಕ್ಕೆ ಸಲ್ಫಸಲಜಿನ್, ಆಂಟಿಬಯೋಟಿಕ್‌ಗಳಲ್ಲಿ ವ್ಯಾಂಕೊಮೈಸಿನ್, ಮಿನೊಸೈಕ್ಲಿನ್, ಸಲ್ಫಾ. ಎರಡು ತಿಂಗಳ ಹಿಂದೆ ಶುರುವಾದ ಮಾತ್ರೆ ಡಾಕ್ಟರ ಕಣ್ಣಿಗೆ ಹಳೇ ಮಾತ್ರೆ. ಕೇಸ್ ಶೀಟಿನಲ್ಲಿ ಅದು "ಮೊದಲಿಂದ ತೆಗೆದುಕೊಳ್ಳುತ್ತಿರುವ ಔಷಧ" ಅನ್ನೋ ಸಾಲಿಗೆ ಹೋಗಿ ಕೂರುತ್ತದೆ, ಆ ಸಾಲಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ತಾರೀಖು ಬರೆದಿದ್ದರೆ ಬರುತ್ತಿತ್ತು. ನನ್ನ ಮಟ್ಟಿಗೆ ಕಾಡುಮಲ್ಲಿಗೆ ಅವರ ಪ್ರಶ್ನೆಗೆ ಉತ್ತರ ಇದೇ.

ಇದರ ಮೇಲೆ ಇನ್ನೊಂದು ಕಾಟ. ಡ್ರೆಸ್ ಆದಾಗ ದೇಹದೊಳಗೆ ಮಲಗಿದ್ದ ಹರ್ಪಿಸ್ ಕುಟುಂಬದ ವೈರಸ್‌ಗಳು, ಮುಖ್ಯವಾಗಿ ಎಚ್‌ಎಚ್‌ವಿ-6, ಎದ್ದು ಬರುವುದುಂಟು. ಆಗ ವೈರಸ್ ಟೆಸ್ಟ್ ಮಾಡಿದರೆ ಪಾಸಿಟಿವ್ ಬರಬಹುದು! "ನೋಡಿ, ವೈರಸ್ ಸಿಕ್ಕಿತು" ಅಂತ ಫೈಲ್ ಮುಚ್ಚುತ್ತಾರೆ, ಮಾತ್ರೆ ಮುಂದುವರಿಯುತ್ತದೆ.

ಕಾಡುಮಲ್ಲಿಗೆ:

ಆ ಸಾಲಿನ ಮಾತು ನೂರಕ್ಕೆ ನೂರು ನಿಜ. ಡಿಸ್ಚಾರ್ಜ್ ಸಮ್ಮರಿ ಈಗ ತೆಗೆದು ನೋಡಿದೆ. "ಫಿಟ್ಸ್ ಇದೆ, ಮಾತ್ರೆಯಲ್ಲಿದ್ದಾರೆ" ಅಂತ ಅಷ್ಟೇ ಇದೆ, ಯಾವತ್ತಿನಿಂದ ಅಂತ ಎಲ್ಲೂ ಇಲ್ಲ.

ಇನ್ನೊಂದು ಕೇಳಬೇಕಿತ್ತು. ರಕ್ತದ ರಿಪೋರ್ಟ್‌ಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುತ್ತಿದ್ದೆ. ಮೊದಲ ರಿಪೋರ್ಟಿನಲ್ಲಿ ಇಯೋಸಿನೊಫಿಲ್ ಅನ್ನೋ ಬಿಳಿ ರಕ್ತಕಣ ಸರಿಯಾಗಿಯೇ ಇದೆ. ಆಮೇಲಿನದರಲ್ಲಿ ದಪ್ಪ ಅಕ್ಷರದಲ್ಲಿ ಏರಿದೆ, ಪಕ್ಕದಲ್ಲಿ ಬಾಣದ ಗುರುತೂ ಇದೆ. ಅದನ್ನು ಯಾರೋ ಪೆನ್ನಲ್ಲಿ ಸುತ್ತಿ "ಜಂತುಹುಳ?" ಅಂತ ಬರೆದಿದ್ದಾರೆ. ಜಂತುಹುಳಕ್ಕೆ ಮಾತ್ರೆ ಕೂಡ ಕೊಟ್ಟರು.

ರಾತ್ರಿಪಾಳಿ:

ಜಂತುಹುಳ ಅಂತ ಯೋಚಿಸಿದ್ದು ತಪ್ಪಲ್ಲ, ಇಯೋಸಿನೊಫಿಲ್ ಏರಲು ಅದೂ ಕಾರಣ. ಆದರೆ ಜ್ವರ, ಮುಖ ಊತ, ದದ್ದು, ಗಡ್ಡೆ, ಲಿವರ್ ಇಷ್ಟೂ ಜೊತೆಗಿದ್ದಾಗ ಔಷಧ ಮೊದಲು ನೆನಪಾಗಬೇಕು. ಇನ್ನೊಂದು, ಇಯೋಸಿನೊಫಿಲ್ ಏರುವುದು ಕೆಲವು ದಿನ ತಡ ಆಗಬಹುದು, ಕೆಲವರಲ್ಲಿ ಏರುವುದೇ ಇಲ್ಲ. ಒಂದು ರಿಪೋರ್ಟ್ ಸರಿ ಬಂತು ಅಂತ ಬಿಡಬಾರದು, ದಿನ ಬಿಟ್ಟು ದಿನ ನೋಡಬೇಕು. ಅದೇ ರಿಪೋರ್ಟಿನಲ್ಲಿ "ವಿಚಿತ್ರ ಆಕಾರದ ಲಿಂಫೊಸೈಟ್" (ಇನ್ನೊಂದು ಬಗೆಯ ಬಿಳಿಕಣ) ಅಂತ ಬಂದರೆ ಗ್ರಂಥಿ ಜ್ವರ ತರುವ ಎಪ್‌ಸ್ಟೀನ್-ಬಾರ್ ವೈರಸ್ ಅಂದುಕೊಳ್ಳುತ್ತಾರೆ, ಎರಡಕ್ಕೂ ಅದು ಬರುತ್ತದೆ.

ಗುಳಿಗೆಪೆಟ್ಟಿಗೆ:

ಫಾರ್ಮಸಿಸ್ಟ್ ಕಡೆಯಿಂದ ಒಂದು ಮಾತು ಸೇರಿಸಲಾ? ತಡವಾಗಿ ಗೊತ್ತಾಗುವುದು ಒಂದು ಸಮಸ್ಯೆ ಆದರೆ ತಪ್ಪು ಮಾತ್ರೆಯ ಮೇಲೆ ದೂರು ಬೀಳುವುದು ಇನ್ನೊಂದು, ಅದು ಜಾಸ್ತಿ ಅಪಾಯ.

ಹೀಗೆ ಆಗುತ್ತದೆ. ಯೂರಿಕ್ ಆಸಿಡ್ ಮಾತ್ರೆ ಶುರುವಾಗಿ ಎರಡು ಮೂರು ವಾರ. ರಿಯಾಕ್ಷನ್ ಒಳಗೆ ಶುರುವಾಗಿದೆ, ಹೊರಗೆ ಕಾಣುವುದು ಜ್ವರ, ಗಂಟಲು ನೋವು, ಕಣ್ಣು ಉರಿ ಅಷ್ಟೇ. ಜ್ವರಕ್ಕೆ ಅಂತ ಪ್ಯಾರಾಸಿಟಮಾಲ್, ಗಂಟಲಿಗೆ ಅಂತ ಆಂಟಿಬಯೋಟಿಕ್. ಮಾರನೇ ದಿನ ಅಥವಾ ಅದರ ಮಾರನೇ ದಿನ ಮೈಮೇಲೆ ದದ್ದು. ಎಲ್ಲರೂ ಏನಂತಾರೆ? "ಆಂಟಿಬಯೋಟಿಕ್ ಆಗಿಬರಲಿಲ್ಲ". ಆಂಟಿಬಯೋಟಿಕ್ ನಿಲ್ಲಿಸುತ್ತಾರೆ, ಯೂರಿಕ್ ಆಸಿಡ್ ಮಾತ್ರೆ ಮುಂದುವರಿಯುತ್ತದೆ. ನಿಜವಾದ ಕಳ್ಳ ಒಳಗೇ ಇದ್ದಾನೆ. ರಿಯಾಕ್ಷನ್ನಿನ ಮೊದಲ ಲಕ್ಷಣಕ್ಕೆ ಕೊಟ್ಟ ಔಷಧವೇ ರಿಯಾಕ್ಷನ್ನಿಗೆ ಕಾರಣ ಅನ್ನಿಸಿಕೊಳ್ಳುತ್ತದೆ, ಆಮೇಲೆ ಜೀವನಪೂರ್ತಿ ಅವರ ಫೈಲಿನಲ್ಲಿ ಆ ಆಂಟಿಬಯೋಟಿಕ್ ಅಲರ್ಜಿ ಅಂತ ಕೆಂಪು ಶಾಯಿ, ಯೂರಿಕ್ ಆಸಿಡ್ ಮಾತ್ರೆ ಮತ್ತೆ ಯಾರೋ ಬರೆಯುತ್ತಾರೆ. ಎರಡನೇ ಸಲ ಅದು ಮೊದಲಿಗಿಂತ ಬೇಗ ಬರುತ್ತದೆ, ಜೋರಾಗಿ ಬರುತ್ತದೆ.

ಅದಕ್ಕೇ ಜ್ವರ ಬಂದ ದಿನಕ್ಕಿಂತ ಮುಂಚೆ ಏನು ಶುರುವಾಗಿತ್ತು ಅಂತ ನೋಡಬೇಕು. ದದ್ದು ಬಂದ ದಿನ ಹಿಡಿದು ಎಣಿಸಿದರೆ ಲೆಕ್ಕ ತಪ್ಪುತ್ತದೆ.

ತಿಳಿನೀರು:

ಗುಳಿಗೆಪೆಟ್ಟಿಗೆ ಅವರು ಹೇಳಿದ ಕಣ್ಣು ಉರಿ ಗಂಟಲು ನೋವು ಓದಿ ಬರೆಯುತ್ತಿದ್ದೇನೆ. ನಾನು ಸುಟ್ಟಗಾಯದ ವಾರ್ಡಿನಲ್ಲಿ ನರ್ಸ್. ನಮ್ಮಲ್ಲಿಗೆ ಬೆಂಕಿ ತಾಗದೇ ಇದ್ದವರೂ ಬರುತ್ತಾರೆ. ಔಷಧದ ರಿಯಾಕ್ಷನ್ನಿನಿಂದ ಚರ್ಮ ಕಳಚುವ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್, ಅದೇ ಇನ್ನೂ ಜೋರಾದರೆ ಟೆನ್ (TEN) ಅಂತ ಹೆಸರು. ದೇಹದ ಚರ್ಮದಲ್ಲಿ ನೂರಕ್ಕೆ 10 ಭಾಗಕ್ಕಿಂತ ಕಡಿಮೆ ಕಳಚಿದರೆ ಮೊದಲನೆಯದು, 30 ದಾಟಿದರೆ ಟೆನ್, ನಡುವಿನದು ಎರಡೂ ಬೆರೆತದ್ದು ಅಂತ ಲೆಕ್ಕ.

ಬಹಳ ಜನ ನಮ್ಮಲ್ಲಿಗೆ ಬರುವ ಹೊತ್ತಿಗೆ ಬೇರೆ ಹೆಸರು ಹೊತ್ತುಕೊಂಡು ಬಂದಿರುತ್ತಾರೆ. ಫ್ಲೂ, ಕಣ್ಣು ಬೇನೆ, ಸೀತಾಳೆ ಸಿಡುಬು, ಹರ್ಪಿಸ್. ಒಬ್ಬ ಹುಡುಗಿ ಕಣ್ಣಿನ ಡ್ರಾಪ್ಸ್ ಬಾಟಲಿ ಕೈಯಲ್ಲೇ ಹಿಡಿದುಕೊಂಡು ಬಂದಿದ್ದಳು. ತುಟಿ ಮೇಲೆ ರಕ್ತ ಹೆಪ್ಪುಗಟ್ಟಿ ಕಪ್ಪಾಗಿತ್ತು, ಬಾಯಿ ತೆರೆದು ನೀರು ಕುಡಿಯಲೂ ಆಗುತ್ತಿರಲಿಲ್ಲ. ಹಿಂದಿನ ಆಸ್ಪತ್ರೆಯಲ್ಲಿ ಕೈಗೆ ಹಾಕಿದ್ದ ಡ್ರಿಪ್ಪಿನ ಅಂಟುಪಟ್ಟಿಯನ್ನು ನಿಧಾನಕ್ಕೆ ಎತ್ತಿದೆ, ಪಟ್ಟಿಯ ಜೊತೆಗೇ ಚರ್ಮ ಎದ್ದು ಬಂತು, ಕೆಳಗೆ ಕೆಂಪಗೆ ಒದ್ದೆ. ಅಂದಿನಿಂದ ಇಂಥವರಿಗೆ ಅಂಟುಪಟ್ಟಿ ಹಾಕುವುದಿಲ್ಲ, ಬಟ್ಟೆ ಸುತ್ತುತ್ತೇವೆ. ಬಿಪಿ ಪಟ್ಟಿ ಕಟ್ಟುವಾಗಲೂ ಕೆಳಗೆ ಮೆತ್ತನೆಯದು ಹಾಕಬೇಕು.

ನೋವು ಗಮನಿಸಿ. ಸಾಮಾನ್ಯ ದದ್ದು ತುರಿಸುತ್ತದೆ. ಇದು ತುರಿಸುವುದಕ್ಕಿಂತ ಜಾಸ್ತಿ ನೋಯುತ್ತದೆ, ಚರ್ಮ ಇನ್ನೂ ಸರಿಯಾಗಿ ಕಾಣುವಾಗಲೇ ಮುಟ್ಟಿದರೆ ಉರಿ. ಬಾಯಿ, ಕಣ್ಣು, ಮೂತ್ರ ಹೋಗುವ ಜಾಗ, ಇವುಗಳಲ್ಲಿ ಎರಡು ಕಡೆ ಹುಣ್ಣು ಮತ್ತು ಜೊತೆಗೆ ಜ್ವರ, ಇತ್ತೀಚೆಗೆ ಹೊಸ ಮಾತ್ರೆ. ಇಷ್ಟಿದ್ದರೆ ನಾಳೆ ನೋಡೋಣ ಅನ್ನಬೇಡಿ, ಆ ರಾತ್ರಿಯೇ ಎಮರ್ಜೆನ್ಸಿಗೆ ಹೋಗಿ. ಇದು ಔಷಧ ಶುರುವಾದ ನಾಲ್ಕನೇ ದಿನದಿಂದ ನಾಲ್ಕು ವಾರದೊಳಗೆ ಬರುವುದು ಜಾಸ್ತಿ. ಟೆನ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಉಳಿಯುವುದಿಲ್ಲ. ಉಳಿದವರಲ್ಲೂ ಕಣ್ಣಿನ ತೊಂದರೆ ವರ್ಷಗಟ್ಟಲೆ ಇರುತ್ತದೆ. ಆದ್ದರಿಂದ ಮೊದಲ ದಿನವೇ ಕಣ್ಣಿನ ಡಾಕ್ಟರನ್ನು ಕರೆಸಿ ಅಂತ ಕೇಳಿ. ಜೀವ ಉಳಿಸುವ ಗಡಿಬಿಡಿಯಲ್ಲಿ ಅದು ಮರೆತೇ ಹೋಗುತ್ತದೆ.

ದೂರತೀರ:

ತಿಳಿನೀರು ಅವರ ಮಾತಿಗೆ ಒಂದು ಹಳೇ ಕಥೆ ಸೇರಿಸುತ್ತೇನೆ. ಸ್ಟೀವನ್ಸ್ ಮತ್ತು ಜಾನ್ಸನ್ ಅಂದರೆ ಅಮೆರಿಕದ ಇಬ್ಬರು ಮಕ್ಕಳ ಡಾಕ್ಟರು. 1922ರಲ್ಲಿ ಅವರು ಬರೆದದ್ದು ಇಬ್ಬರು ಹುಡುಗರ ಬಗ್ಗೆ, ಒಬ್ಬನಿಗೆ 7, ಇನ್ನೊಬ್ಬನಿಗೆ 8 ವರ್ಷ. ಬಿಡದ ಜ್ವರ, ಬಾಯಿ ಹುಣ್ಣು, ಕೀವು ಸುರಿಯುವ ಕಣ್ಣು, ಮೈತುಂಬ ದದ್ದು. ಇಬ್ಬರನ್ನೂ ಮೊದಲು ನೋಡಿದ ಡಾಕ್ಟರು ರಕ್ತ ಒಸರುವ ದಡಾರ ಅಂದಿದ್ದರು. ಅಂದರೆ ಈ ಕಾಯಿಲೆಗೆ ಹೆಸರು ಬಂದದ್ದೇ ದಡಾರ ಅಂತ ತಪ್ಪಾಗಿ ಗುರುತಿಸಲಾದ ಇಬ್ಬರು ಹುಡುಗರಿಂದ. ಟೆನ್ ಬಗ್ಗೆ ಲೈಲ್ ಅನ್ನೋ ಚರ್ಮದ ಡಾಕ್ಟರು ಬರೆದದ್ದು 1956ರಲ್ಲಿ, ಅವರು ನೋಡಿದವರಲ್ಲಿ ಕನಿಷ್ಠ ಒಬ್ಬರಿಗೆ ಚರ್ಮ ಸುಲಿದದ್ದು ಬ್ಯಾಕ್ಟೀರಿಯಾದ ವಿಷದಿಂದ ಇರಬೇಕು ಅಂತ ಆಮೇಲೆ ಗೊತ್ತಾಯಿತು. ಎರಡನ್ನೂ ಬೇರ್ಪಡಿಸಲು ಮತ್ತೆ ಎಷ್ಟೋ ವರ್ಷ ಹಿಡಿಯಿತು.

ಹೀಗಾಗಿ ನನ್ನ ತಕರಾರು ಇದು. ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಿದ್ದೀರಿ. ಉಲ್ಟಾ ಕೂಡ ಆಗುತ್ತದೆ. ಮಕ್ಕಳಲ್ಲಿ ಬಾಯಿ ಕಣ್ಣು ಹುಣ್ಣಾಗಿ ಥೇಟ್ ಇದೇ ಥರ ಬರುವುದಕ್ಕೆ ಮೈಕೊಪ್ಲಾಸ್ಮಾ ಅನ್ನೋ ಸೋಂಕು ಕಾರಣ ಆಗಿರಬಹುದು, ಮಾತ್ರೆಯ ಪಾತ್ರವೇ ಇರುವುದಿಲ್ಲ. ಎಪ್‌ಸ್ಟೀನ್-ಬಾರ್ ವೈರಸ್ ಜ್ವರ ಇದ್ದಾಗ ಅಮಾಕ್ಸಿಸಿಲಿನ್ ಕೊಟ್ಟರೆ ಮೈಮೇಲೆ ದದ್ದು ಏಳುತ್ತದೆ, ಅವರಲ್ಲಿ ಬಹಳಷ್ಟು ಜನ ಮುಂದೆ ಅದೇ ಮಾತ್ರೆ ತೊಂದರೆಯಿಲ್ಲದೆ ತೆಗೆದುಕೊಳ್ಳುತ್ತಾರೆ. ಅಮೆರಿಕದಲ್ಲಿ ನೂರಕ್ಕೆ ಸುಮಾರು 10 ಜನ ನನಗೆ ಪೆನಿಸಿಲಿನ್ ಅಲರ್ಜಿ ಅಂತಾರೆ, ಸರಿಯಾಗಿ ಪರೀಕ್ಷೆ ಮಾಡಿದರೆ ಅವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಅಲರ್ಜಿ ಇರುವುದೇ ಇಲ್ಲ. ಆ ಹಣೆಪಟ್ಟಿಯಿಂದ ಅವರಿಗೆ ಒಳ್ಳೇ ಆಂಟಿಬಯೋಟಿಕ್ ತಪ್ಪಿ ಹೋಗುತ್ತದೆ. ಅದೂ ಜೀವಕ್ಕೇ ಬರುವ ವಿಷಯ.

ಸುಮ್ನೆಒಬ್ಬ:

ಈಗ ಗೊಂದಲ ಇನ್ನೂ ಜಾಸ್ತಿ ಆಯ್ತು 😀 ಹಾಗಾದರೆ ದಡಾರಕ್ಕೂ ಔಷಧದ ದದ್ದಿಗೂ ನೋಡಿ ವ್ಯತ್ಯಾಸ ಹೇಳೋಕೆ ಆಗುತ್ತಾ ಇಲ್ವಾ?

ರಾತ್ರಿಪಾಳಿ:

ಸ್ವಲ್ಪ ಮಟ್ಟಿಗೆ ಆಗುತ್ತೆ. ದಡಾರದಲ್ಲಿ ಮೊದಲು ಕೆಮ್ಮು, ಮೂಗು ಸೋರುವುದು, ಕಣ್ಣು ಕೆಂಪು. ಕೆನ್ನೆಯ ಒಳಗೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ. ದದ್ದು ಕಿವಿಯ ಹಿಂದೆ, ಕೂದಲಂಚಿನಲ್ಲಿ ಶುರುವಾಗಿ ಕೆಳಕ್ಕೆ ಇಳಿಯುತ್ತದೆ. ಔಷಧದ ದದ್ದು ಬಹುಪಾಲು ಎದೆ ಬೆನ್ನಿನಲ್ಲಿ ಶುರು. ಆದರೆ ಪುಸ್ತಕ ಓದಿಕೊಂಡು ಬರುವ ರೋಗಿ ಕಡಿಮೆ. ಅನುಮಾನ ಇದ್ದರೆ ದಡಾರದ ಟೆಸ್ಟ್ ಮಾಡಬೇಕು, ಫಲಿತಾಂಶ ಬರುವವರೆಗೆ ಬೇರೆ ಕೋಣೆಯಲ್ಲೇ ಇಡಬೇಕು. ಕಾಡುಮಲ್ಲಿಗೆ ಅವರ ತಮ್ಮನನ್ನು ಬೇರೆ ಇಟ್ಟದ್ದಕ್ಕೆ ನನ್ನ ತಕರಾರಿಲ್ಲ. ಇಟ್ಟು ಅಲ್ಲಿಗೇ ಯೋಚನೆ ನಿಲ್ಲಿಸಿದ್ದಕ್ಕೆ ತಕರಾರು.

ದೂರತೀರ ಅವರು ಹೇಳಿದ್ದು ಸರಿ, ನಾನೂ ಒಪ್ಪುತ್ತೇನೆ. ಸುಮ್ನೆ ದದ್ದು ಬಂದ ಮಾತ್ರಕ್ಕೆ ಅಲರ್ಜಿ ಅಂತ ಬರೆಯಬಾರದು. ಆದರೆ ಎರಡು ಕಡೆಯ ನಷ್ಟ ಒಂದೇ ತೂಕದ್ದಲ್ಲ. ಸೋಂಕು ಇರಬಹುದು ಅಂತ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಕಳಿಸಿ ಆಂಟಿಬಯೋಟಿಕ್ ಕೊಡುತ್ತಲೇ ಅನುಮಾನದ ಮಾತ್ರೆಯನ್ನೂ ನಿಲ್ಲಿಸಬಹುದು, ಅದಕ್ಕೇನೂ ಅಡ್ಡಿಯಿಲ್ಲ. ಸೋಂಕು ಅಂತ ಖಚಿತ ಮಾಡಿಕೊಂಡು ಮಾತ್ರೆ ಮುಂದುವರಿಸಿದರೆ ಹಿಂದಿರುಗಲು ದಾರಿ ಇರುವುದಿಲ್ಲ.

ಹಳೇಸೈಕಲ್:

ಎಲ್ಲರೂ ದದ್ದಿನ ಬಗ್ಗೆ ಮಾತಾಡುತ್ತಿದ್ದೀರಿ, ನಮ್ಮ ದೊಡ್ಡಪ್ಪನಿಗೆ ದದ್ದೇ ಇರಲಿಲ್ಲ. ಮಾನಸಿಕ ಕಾಯಿಲೆಗೆ ಅಂತ ಹೊಸ ಇಂಜೆಕ್ಷನ್ ಕೊಟ್ಟಿದ್ದರು. ಕೆಲವು ದಿನಕ್ಕೆ ಜೋರು ಜ್ವರ, ಮಾತು ತೊದಲು, ಆಮೇಲೆ ಮಾತೇ ಇಲ್ಲ. ಮೆದುಳು ಜ್ವರ ಅಂತ ಬೆನ್ನಿನ ನೀರು ತೆಗೆದರು, ಆಂಟಿಬಯೋಟಿಕ್ ಹಾಕಿದರು. ಕೈ ಮಡಿಸಲು ಹೋದರೆ ಕಬ್ಬಿಣದ ಸಲಾಕೆ. ಬೆನ್ನಿನ ನೀರು ಸರಿಯಾಗಿ ಬಂತು. ಕೊನೆಗೆ ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟರು ಸಿಕೆ ಅನ್ನೋ, ಸ್ನಾಯುಗಳಿಗೆ ಪೆಟ್ಟಾಗಿದೆಯಾ ಅಂತ ತೋರಿಸುವ ರಕ್ತ ಪರೀಕ್ಷೆ ಮಾಡಿಸಿದರು, ಅದು ವಿಪರೀತ ಏರಿತ್ತು. ಆಗ ಗೊತ್ತಾಯಿತು. ದೊಡ್ಡಪ್ಪ ಬದುಕಿದರು.

ರಾತ್ರಿಪಾಳಿ:

ಒಳ್ಳೇದಾಯ್ತು ಹೇಳಿದ್ದು. ಅದು ನ್ಯೂರೊಲೆಪ್ಟಿಕ್ ಮ್ಯಾಲಿಗ್ನಂಟ್ ಸಿಂಡ್ರೋಮ್. ಇದರಲ್ಲಿ ಟಿ ಕಣದ ಕಥೆ ಇಲ್ಲ, ಮೆದುಳಿನಲ್ಲಿ ಡೋಪಮಿನ್ ಅನ್ನೋ ರಾಸಾಯನಿಕದ ಕೆಲಸವನ್ನು ಔಷಧ ತಡೆಯುವುದರಿಂದ ಆಗುತ್ತದೆ. ವಾಂತಿ ನಿಲ್ಲಿಸಲು ಕೊಡುವ ಮೆಟೊಕ್ಲೊಪ್ರಮೈಡ್‌ನಿಂದಲೂ ಆಗಬಹುದು, ಪಾರ್ಕಿನ್ಸನ್ ಮಾತ್ರೆ ದಿಢೀರನೆ ಬಿಟ್ಟರೂ ಇದೇ ಥರ ಬರುತ್ತದೆ. ಮೈ ಬಿಗಿತ ಮುಖ್ಯ ಸುಳಿವು.

ಇದರ ದಾಯಾದಿ ಸಿರೊಟೊನಿನ್ ಸಿಂಡ್ರೋಮ್. ಅದು ಗಂಟೆಗಳಲ್ಲಿ ಬರುತ್ತದೆ, ಬಹುಪಾಲು 24 ಗಂಟೆಯೊಳಗೆ. ಬೆವರು, ಭೇದಿ, ಚಡಪಡಿಕೆ, ಜ್ವರ, ಪಾದವನ್ನು ಮೇಲಕ್ಕೆ ಒತ್ತಿ ಹಿಡಿದರೆ ತಟತಟ ಅಂತ ಕುಣಿಯುತ್ತದೆ. ತಮಾಷೆ ಅಂದರೆ ಲಿನೆಜೊಲಿಡ್ ಅನ್ನೋ ಆಂಟಿಬಯೋಟಿಕ್ಕೇ ಖಿನ್ನತೆಯ ಮಾತ್ರೆಯ ಜೊತೆ ಸೇರಿದರೆ ಇದನ್ನು ತರಬಲ್ಲದು. ಸೋಂಕಿಗೆ ಕೊಟ್ಟಿರುತ್ತೇವೆ, ಜ್ವರ ಏರುತ್ತದೆ, ಸೋಂಕು ಜಾಸ್ತಿ ಆಯ್ತು ಅಂದುಕೊಳ್ಳುತ್ತೇವೆ. ನೋವಿಗೆ ಕೊಡುವ ಟ್ರಾಮಡಾಲ್ ಕೂಡ ಈ ಪಟ್ಟಿಯಲ್ಲಿದೆ.

ಮೆದುಳು ಜ್ವರದ ಮಾತು ಬಂತಲ್ಲ, ಐಬುಪ್ರೊಫೆನ್, ಸಲ್ಫಾ, ಲ್ಯಾಮೋಟ್ರಿಜಿನ್ ಇವುಗಳಿಂದ ನಿಜವಾಗಿಯೇ ಮೆದುಳಿನ ಪೊರೆ ಊದಿಕೊಂಡು ತಲೆನೋವು, ಜ್ವರ, ಕುತ್ತಿಗೆ ಬಿಗಿತ ಬರುವುದುಂಟು. ಬೆನ್ನಿನ ನೀರಿನಲ್ಲಿ ಬಿಳಿಕಣ ಸಿಗುತ್ತವೆ, ರೋಗಾಣು ಮಾತ್ರ ಸಿಗುವುದಿಲ್ಲ. ಅಪರೂಪ, ಆದರೆ ಇದೆ. ಶ್ವಾಸಕೋಶಕ್ಕೂ ಹೀಗೇ: ಮೂತ್ರದ ಸೋಂಕಿಗೆ ಕೊಡುವ ನೈಟ್ರೊಫ್ಯುರಾಂಟೊಯಿನ್, ಕೀಲುವಾತದ ಮೆಥೊಟ್ರೆಕ್ಸೇಟ್, ಎರಡೂ ಜ್ವರ ಕೆಮ್ಮು ಉಬ್ಬಸ ತಂದು ಎಕ್ಸ್‌ರೇಯಲ್ಲಿ ನ್ಯುಮೋನಿಯಾದ ಹಾಗೇ ಕಾಣಿಸಬಲ್ಲವು.

ಅರ್ಧಚಂದ್ರ:

ನನ್ನ ಅಮ್ಮ ಥೈರಾಯ್ಡ್ ಜಾಸ್ತಿ ಇದೆ ಅಂತ ಕಾರ್ಬಿಮಜೋಲ್ ತೆಗೆದುಕೊಳ್ಳುತ್ತಿದ್ದಾರೆ, ಶುರುವಾಗಿ ಎರಡು ತಿಂಗಳು ಆಗಿಲ್ಲ. ನಿನ್ನೆಯಿಂದ ಗಂಟಲು ನೋವು, ಸಣ್ಣ ಜ್ವರ. ಇದೆಲ್ಲ ಓದಿ ಭಯ ಆಗ್ತಿದೆ. ಸುಮ್ನೆ ನೆಗಡಿ ಇರಬಹುದು ಅಲ್ವಾ?

ಗುಳಿಗೆಪೆಟ್ಟಿಗೆ:

ನೆಗಡಿ ಇರುವ ಸಾಧ್ಯತೆಯೇ ಜಾಸ್ತಿ. ಆದರೂ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ರಕ್ತದ ಕಣಗಳ ಪರೀಕ್ಷೆ ಇವತ್ತೇ ಆಗಬೇಕು, ಯಾವ ಬಿಳಿಕಣ ಎಷ್ಟಿದೆ ಅನ್ನೋ ವಿಂಗಡಣೆ ಸಮೇತ. ಫಲಿತಾಂಶ ಬರುವವರೆಗೆ ಮುಂದಿನ ಮಾತ್ರೆ ಕೊಡಬೇಡಿ ಅಂತಲೇ ಅವರು ಹೇಳುತ್ತಾರೆ. ಈ ಮಾತ್ರೆ ಸಾವಿರದಲ್ಲಿ ಕೆಲವರಿಗೆ ರಕ್ತದ ನ್ಯೂಟ್ರೊಫಿಲ್‌ಗಳನ್ನು, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿಕಣಗಳನ್ನು, ಪೂರ್ತಿ ಇಳಿಸಿಬಿಡುತ್ತದೆ, ಬಹುಪಾಲು ಮೊದಲ ಮೂರು ತಿಂಗಳಲ್ಲಿ. ಡಬ್ಬಿಯೊಳಗಿನ ಕಾಗದದಲ್ಲಿ ಗಂಟಲು ನೋವು ಅಂತ ಬರೆದಿರುವುದು ಇದಕ್ಕೇ. ತಡ ಮಾಡಬೇಡಿ, ಈ ಚರ್ಚೆ ಆಮೇಲೆ ಓದಿ.

ರಾತ್ರಿಪಾಳಿ:

+1. ಇದು ಉಳಿದವುಗಳಿಗಿಂತ ಬೇರೆ ಅಂತ ಗಮನಿಸಿ. ಇಲ್ಲಿ ಸೋಂಕು ಸುಳ್ಳಲ್ಲ, ನಿಜವಾಗಿಯೇ ಇರುತ್ತದೆ, ಆದರೆ ಅದಕ್ಕೆ ಬಾಗಿಲು ತೆರೆದದ್ದು ಮಾತ್ರೆ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್‌ನಲ್ಲೂ ಇದೇ ಭಯ, ಅದಕ್ಕೇ ಅವರಿಗೆ ಕ್ರಮವಾಗಿ ರಕ್ತ ಪರೀಕ್ಷೆ. ನ್ಯೂಟ್ರೊಫಿಲ್ 500ಕ್ಕಿಂತ ಕೆಳಗಿಳಿದು ಜ್ವರ ಬಂದರೆ ಅಡ್ಮಿಷನ್, ರಕ್ತನಾಳಕ್ಕೆ ಆಂಟಿಬಯೋಟಿಕ್.

ಸುಮ್ನೆಒಬ್ಬ:

ಹಾಗಾದರೆ ಯಾವುದೇ ಹೊಸ ಮಾತ್ರೆ ಶುರುವಾಗಿ ಜ್ವರ ಬಂದರೆ ನಾವೇ ನಿಲ್ಲಿಸಿಬಿಡೋದು ಒಳ್ಳೇದಲ್ವಾ? ಸುಲಭ.

ಗುಳಿಗೆಪೆಟ್ಟಿಗೆ:

ಅಷ್ಟು ಸುಲಭ ಇಲ್ಲ. ಫಿಟ್ಸ್ ಮಾತ್ರೆ ದಿಢೀರನೆ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬರಬಹುದು. ಸ್ಟೀರಾಯ್ಡ್ ಬಹಳ ದಿನ ತೆಗೆದುಕೊಂಡವರು ಒಮ್ಮೆಲೇ ಬಿಟ್ಟರೆ ಕುಸಿದು ಬೀಳುತ್ತಾರೆ. ಎಚ್‌ಐವಿ ಮಾತ್ರೆ ಒಂದನ್ನೇ ಬಿಟ್ಟು ಉಳಿದದ್ದು ನುಂಗಿದರೆ ವೈರಸ್ ಅದಕ್ಕೆ ಪಳಗಿಬಿಡುತ್ತದೆ.

ಎಚ್‌ಐವಿಗೆ ಕೊಡುವ ಅಬಕವಿರ್ ನೋಡಿ, ಎರಡೂ ಬದಿಯ ಪಾಠ ಅದರಲ್ಲೇ ಇದೆ. ಮೊದಲ ಆರು ವಾರದಲ್ಲಿ ಜ್ವರ, ವಾಂತಿ, ಮೈಕೈ ನೋವು, ಕೆಮ್ಮು, ಕೆಲವರಿಗೆ ದದ್ದು. ಥೇಟ್ ಫ್ಲೂ. ಮಾತ್ರೆ ನುಂಗಿದ ಪ್ರತಿ ಸಲ ಸ್ವಲ್ಪ ಜಾಸ್ತಿ ಆಗುತ್ತದೆ, ಅದೇ ಸುಳಿವು. ಕೆಲವರು ಫ್ಲೂ ಅಂದುಕೊಂಡು ಎರಡು ದಿನ ಮಾತ್ರೆ ಬಿಟ್ಟು, ಹುಷಾರಾದ ಮೇಲೆ ಮತ್ತೆ ಶುರು ಮಾಡಿದರು. ಮತ್ತೆ ನುಂಗಿದ ಕೆಲವೇ ಗಂಟೆಗಳಲ್ಲಿ ಬಿಪಿ ಬಿದ್ದು ಸತ್ತವರಿದ್ದಾರೆ. ಸುಮ್ನೆ ಬಿಟ್ಟು ಸುಮ್ನೆ ಶುರು ಮಾಡುವುದು ಮುಂದುವರಿಸುವುದಕ್ಕಿಂತ ಕೆಟ್ಟದ್ದು ಆಗಬಹುದು.

ಆದ್ದರಿಂದ ಕೆಲಸ ಇಷ್ಟು: ಅವತ್ತೇ ಡಾಕ್ಟರಿಗೆ ತಿಳಿಸಿ, ಬರೆದುಕೊಟ್ಟವರು ಸಿಗದಿದ್ದರೆ ಎಮರ್ಜೆನ್ಸಿಗೆ ಹೋಗಿ, ಮುಂದಿನ ಡೋಸ್ ತೆಗೆದುಕೊಳ್ಳಬೇಕಾ ಬೇಡವಾ ಅಂತ ನೇರವಾಗಿ ಕೇಳಿ. ಬಾಯಿ ಹುಣ್ಣು, ಚರ್ಮ ಏಳುವುದು, ಮುಖ ಊತ ಇದ್ದರೆ ಫೋನ್ ಕೂಡ ಬೇಡ, ಹೊರಡಿ.

ತಿಳಿನೀರು:

ಒಂದು ಸಣ್ಣದು ಬಿಟ್ಟು ಹೋಯಿತು. ಮೈತುಂಬ ಸಾಸಿವೆ ಗಾತ್ರದ ಕೀವುಗುಳ್ಳೆ, ಕಂಕುಳು ತೊಡೆಸಂದಿಯಲ್ಲಿ ಶುರುವಾಗಿ ಗಂಟೆಗಳಲ್ಲಿ ಹರಡುತ್ತದೆ, ಜೊತೆಗೆ ಜ್ವರ, ಬಿಳಿಕಣ ಏರಿಕೆ. ಎಲ್ಲರೂ ಚರ್ಮದ ಸೋಂಕು ಅಂತಾರೆ. ಕೀವು ಕಲ್ಚರ್ ಮಾಡಿದರೆ ಏನೂ ಬೆಳೆಯುವುದಿಲ್ಲ. ಎಜಿಇಪಿ ಅಂತ ಹೆಸರು. ಬಹುಪಾಲು ಆಂಟಿಬಯೋಟಿಕ್ಕೇ ಕಾರಣ, ಒಂದೆರಡು ದಿನದಲ್ಲೇ ಬರುತ್ತದೆ. ಸೋಂಕು ಅಂತ ಅದೇ ಆಂಟಿಬಯೋಟಿಕ್ ಡೋಸ್ ಏರಿಸಿದರೆ ಏನಾಗುತ್ತೆ ಯೋಚಿಸಿ. ನಿಲ್ಲಿಸಿದರೆ ಸಾಮಾನ್ಯವಾಗಿ ಎರಡು ವಾರದೊಳಗೆ ಸಿಪ್ಪೆ ಸುಲಿದು ಹೋಗುತ್ತದೆ.

ಕಾಡುಮಲ್ಲಿಗೆ:

ಎಲ್ಲರಿಗೂ ಧನ್ಯವಾದ, ಇಷ್ಟು ಯಾರೂ ಕೂರಿಸಿ ಹೇಳಿರಲಿಲ್ಲ. ಇನ್ನು ಎರಡು ಪ್ರಶ್ನೆ. ಮೊದಲೇ ಟೆಸ್ಟ್ ಮಾಡಿದ್ದರೆ ಗೊತ್ತಾಗುತ್ತಿತ್ತಾ? ನನಗೂ ಅಕ್ಕನಿಗೂ ಇದು ಬರಬಹುದಾ? ಮತ್ತೆ ತಮ್ಮ ಈಗ ಆರಾಮಾಗಿದ್ದೇನೆ, ಸ್ಟೀರಾಯ್ಡ್ ಸಾಕು ಅಂತ ಹಠ ಮಾಡ್ತಿದ್ದಾನೆ.

ರಾತ್ರಿಪಾಳಿ:

ಕೊನೆಯದು ಮೊದಲು. ಬಿಡಲು ಬಿಡಬೇಡಿ. ಡ್ರೆಸ್‌ನಲ್ಲಿ ಸ್ಟೀರಾಯ್ಡ್ ಬೇಗ ಇಳಿಸಿದರೆ ಅದು ವಾಪಸ್ ಬರುತ್ತದೆ, ಮಾತ್ರೆ ನಿಲ್ಲಿಸಿದ್ದರೂ ಬರುತ್ತದೆ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಿಧಾನಕ್ಕೆ ಇಳಿಸುವುದು ಅದಕ್ಕೇ. ಲಿವರ್ ಪರೀಕ್ಷೆ ಮುಂದುವರಿಸಿ. ಕೆಲವರಿಗೆ ತಿಂಗಳುಗಳ ನಂತರ ಥೈರಾಯ್ಡ್ ಕೆಡುತ್ತದೆ, ಸುಸ್ತು, ತೂಕದಲ್ಲಿ ಏರುಪೇರು ಕಂಡರೆ ಅದನ್ನೂ ನೋಡಿಸಿ.

ಟೆಸ್ಟ್ ಇದೆ. ಎಚ್‌ಎಲ್‌ಎ ಅಂತ, ನಾನು ಮೇಲೆ ಹೇಳಿದ ಜೀವಕೋಶದ ಮೇಲಿನ ಗುರುತು ಅದೇ. 2004ರಲ್ಲಿ ತೈವಾನಿನ ಸಂಶೋಧಕರು ಕಾರ್ಬಮಜೆಪಿನ್‌ನಿಂದ ಸ್ಟೀವನ್ಸ್-ಜಾನ್ಸನ್ ಆದವರಲ್ಲಿ ಬಿ*15:02 ಅನ್ನೋ ಮಾದರಿ ಇದೆ ಅಂತ ತೋರಿಸಿದರು. ಏಷ್ಯಾ ಮೂಲದವರಿಗೆ ಕೊಡುವ ಮುಂಚೆ ಇದನ್ನು ನೋಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲಿ ಹೇಳಿತು. ಡ್ರೆಸ್‌ಗೆ ಎ*31:01 ಅನ್ನೋದು ಜಾಸ್ತಿ ನಂಟು. ಅಲೊಪ್ಯೂರಿನಾಲ್‌ಗೆ ಬಿ*58:01, ಡ್ಯಾಪ್ಸೋನ್‌ಗೆ ಬಿ*13:01, ಅಬಕವಿರ್‌ಗೆ ಬಿ*57:01. ಅಬಕವಿರ್ ಟೆಸ್ಟ್ ಎಷ್ಟು ಚೆನ್ನಾಗಿ ಕೆಲಸ ಮಾಡಿತು ಅಂದರೆ ಈಗ ಟೆಸ್ಟ್ ಇಲ್ಲದೆ ಆ ಮಾತ್ರೆ ಶುರು ಮಾಡುವುದಿಲ್ಲ. ಉಳಿದವುಗಳಲ್ಲಿ ಟೆಸ್ಟ್ ನೆಗೆಟಿವ್ ಬಂದರೂ ಅಪಾಯ ಪೂರ್ತಿ ಹೋಗುವುದಿಲ್ಲ, ಪಾಸಿಟಿವ್ ಬಂದ ಎಲ್ಲರಿಗೂ ಆಗುವುದೂ ಇಲ್ಲ.

ಒಡಹುಟ್ಟಿದವರಲ್ಲಿ ಇದೇ ಗುರುತು ಇರುವ ಸಾಧ್ಯತೆ ಇದೆ. ನಿಮಗೋ ಅಕ್ಕನಿಗೋ ಮುಂದೆ ಫಿಟ್ಸ್ ಮಾತ್ರೆ ಬೇಕಾದರೆ, ನರನೋವಿಗೆ ಕೂಡ ಅದನ್ನೇ ಕೊಡುತ್ತಾರೆ, ತಮ್ಮನಿಗೆ ಆದದ್ದನ್ನು ಮೊದಲೇ ಹೇಳಿ.

ದೂರತೀರ:

ತಮ್ಮನ ವಿಷಯದಲ್ಲಿ ಕಾರ್ಬಮಜೆಪಿನ್ ಒಂದನ್ನೇ ಬರೆದರೆ ಸಾಲದು. ಫೆನಿಟಾಯಿನ್, ಫಿನೊಬಾರ್ಬಿಟಾಲ್, ಆಕ್ಸ್‌ಕಾರ್ಬಜೆಪಿನ್ ಒಂದೇ ಕುಟುಂಬ, ಒಂದಕ್ಕೆ ಆದವರಿಗೆ ಇನ್ನೊಂದಕ್ಕೂ ಆಗುವುದು ಜಾಸ್ತಿ. ಎಮರ್ಜೆನ್ಸಿಯಲ್ಲಿ ಫಿಟ್ಸ್ ಬಂದವರಿಗೆ ಯೋಚಿಸದೆ ಏರಿಸುವುದು ಫೆನಿಟಾಯಿನ್ ಇಂಜೆಕ್ಷನ್. ಮಾತಾಡಲು ಆಗದ ಸ್ಥಿತಿಯಲ್ಲಿ ಕರೆದುಕೊಂಡು ಹೋದರೆ? ಅದನ್ನು ಜೇಬಿನಲ್ಲಿಟ್ಟುಕೊಳ್ಳುವ ಚೀಟಿಯಲ್ಲಿ ಬರೆಸಿ. ಈ ವಿಷಯದಲ್ಲಿ ನಾನು ಹಣೆಪಟ್ಟಿಯ ಪರ 🙂

ಅರ್ಧಚಂದ್ರ:

ಅಮ್ಮನ ರಿಪೋರ್ಟ್ ಬಂತು, ನ್ಯೂಟ್ರೊಫಿಲ್ 3,800. ಸರಿಯಾಗಿದೆ ಅಂದರು, ಮಾತ್ರೆ ಮುಂದುವರಿಸಲು ಹೇಳಿದರು. ಮತ್ತೆ ಜ್ವರ ಬಂದರೆ ಮತ್ತೆ ಟೆಸ್ಟ್ ಮಾಡಿಸಬೇಕಾ, ಈಗ ಒಂದು ಸಲ ಸರಿ ಬಂತಲ್ಲ?

ಗುಳಿಗೆಪೆಟ್ಟಿಗೆ:

ಮಾಡಿಸಬೇಕು, ಪ್ರತಿ ಸಲ. ಇದು ದಿಢೀರನೆ ಇಳಿಯುತ್ತದೆ, ಹೋದ ವಾರದ ರಿಪೋರ್ಟ್ ಈ ವಾರಕ್ಕೆ ಲೆಕ್ಕಕ್ಕಿಲ್ಲ. ಚೀಟಿಯ ಮೇಲೆ ಮಾತ್ರೆ ಶುರುವಾದ ತಾರೀಖು ಬರೆದಿಡಿ.